ಕೈಯಲ್ಲಿ ಹಿಡಿಯಬಾರದು

ಏಪ್ರಿಲ್ 22, 1963. ಸೋಮವಾರ

ಈ ಪುಸ್ತಕದ ಮೊದಲ ಮೂವತ್ತೆಂಟು ಪುಟಗಳಲ್ಲಿ ಅಮ್ಮನ ಜ್ವರ ಇದೆ. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಯಾವ ಮಾತ್ರೆ, ಎಷ್ಟು ಚಮಚ ಗಂಜಿ. ಫೆಬ್ರವರಿ ಒಂಬತ್ತರ ಬೆಳಗಿನ ಅಂಕಿ ಬರೆದಿದ್ದೇನೆ, ಸಂಜೆಯ ಜಾಗ ಖಾಲಿ. ಉಳಿದ ಪುಟಗಳು ಸುಮ್ಮನೆ ಹಾಳಾಗುವುದು ಬೇಡವೆಂದು ಇಂದಿನಿಂದ ನನ್ನದನ್ನು ಬರೆಯುತ್ತೇನೆ. ಕನ್ನಡದಲ್ಲಿ ಬರೆಯಲು ಕಾರಣ ಮಾಳಿಗೆಯ ಒಲಿಂಡಾ. ಅವಳು ಬಾಗಿಲು ತಟ್ಟದೆ ಒಳಗೆ ಬರುವ ಹೆಂಗಸು. ಕೊಂಕಣಿಯಾದರೆ ಕೊನೆಯ ಅಕ್ಷರದವರೆಗೂ ಓದಿಯಾಳು, ಕನ್ನಡವಾದರೆ ನಾಲ್ಕನೇ ಸಾಲಿಗೆ ತೂಕಡಿಸುತ್ತಾಳೆ.

ಇವತ್ತು ಸಮೀಕ್ಷೆಯ ಹಡಗೊಂದು ಹೊರಗೆ ಲಂಗರು ಹಾಕಿತ್ತು. ಅದರ ದೋಣಿ ಬಂದರಿನ ದಕ್ಕೆಗೆ ಬಂದು ನಮ್ಮ ಮೀನಿನ ಪ್ರಯೋಗಾಲಯಕ್ಕೆ ಒಂದು ಥರ್ಮಾಸ್ ಕೊಟ್ಟು ಹೋಯಿತು. ಥರ್ಮಾಸಿನಲ್ಲಿ ಐಸು, ಐಸಿನ ನಡುವೆ ಬಾಟಲಿ, ಬಾಟಲಿಯಲ್ಲಿ ಎರಡು ಚಮಚ ಬೂದು ಕೆಸರು. ಒಂದೂಕಾಲು ಮೈಲಿ ಆಳದ್ದಂತೆ. ಅಲ್ಲಿ ನೀರು ಮೂರೋ ನಾಲ್ಕೋ ಡಿಗ್ರಿ, ಬೆಳಕೇ ಇಲ್ಲ. ತಣ್ಣೀರುಬಾವಿಯ ಕಡಲತೀರದಲ್ಲಿ ಕಾಲಿಟ್ಟರೆ ಉಗುರುಬೆಚ್ಚಗಿರುವ ನಮ್ಮ ಸಮುದ್ರದ್ದೇ ತಳ ಅದು. ಹತ್ತೊಂಬತ್ತು ವರ್ಷ ಈ ಸಮುದ್ರದ ಮೀನು ಕೊಯ್ದು ಬ್ಯಾಕ್ಟೀರಿಯಾ ಬೆಳೆಸಿದ ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ನಮ್ಮ ಮೇಲಧಿಕಾರಿ ಮೋಹನದಾಸರು ಬಾಟಲಿ ಅಲುಗಿಸಿ, "ಇದ್ರಲ್ಲಿ ಎಂತ ಉಂಟು ಮಿಸ್ ಗೆರ್ಟ್ರೂಡ್? ಕೆಸರು. ಮೂವತ್ತೇಳು ಡಿಗ್ರಿಯಲ್ಲಿ ಇಟ್ಟು ನೋಡಿ. ಎಂತದೂ ಬಾರದಿದ್ರೆ ಬಿಸಾಡಿ" ಎಂದರು. ಮೂವತ್ತೇಳು ಎಂದರೆ ಮನುಷ್ಯರ ಮೈಯ ಬಿಸಿ. ನಾವು ಎಲ್ಲವನ್ನೂ ಅದರಲ್ಲೇ ಬೆಳೆಸುವುದು. ನಾನು ಹಾಗೇ ಮಾಡಿದೆ. ಒಂದು ಪಾಲು ಮೇಜಿನ ಮೇಲೂ ಇಟ್ಟೆ. ಇನ್ನೊಂದು ಗಾಜಿನ ತಟ್ಟೆಗೆ ಮೇಜಿನಲ್ಲಿ ಜಾಗವಿಲ್ಲದೆ ಅದು ಬೆಳಗಿನಿಂದ ಐಸ್ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದಕ್ಕೂ ಒಂದಿಷ್ಟು ಕೆಸರು ಸವರಿ ಅಲ್ಲೇ ಬಿಟ್ಟೆ.

ಐಸ್ ಪ್ಲಾಂಟಿನ ಲೋಕಯ್ಯ ಇವತ್ತೂ ತಡ. ನಮ್ಮ ಫ್ರಿಜ್ ಕೆಟ್ಟು ಎರಡು ವರ್ಷವಾಯಿತು. ಅವನು ತರುವ ಎರಡು ಗಡ್ಡೆ ಐಸೇ ನಮಗೆ ಗತಿ, ಅದು ಅವನಿಗೂ ಗೊತ್ತು. ಬೈದೆ. ಅರುವತ್ತು ವರ್ಷದ ಮುದುಕ, ಹಲ್ಲು ಕಿರಿದು ಹೋದ.

ಮನೆಗೆ ಬಂದು ಗಂಜಿ ಕುಡಿದೆ. ಅಮ್ಮನ ಕೋಣೆಯ ಬಾಗಿಲು ಹಾಕಿಯೇ ಇದೆ. ಅಮ್ಮ ಹೋದ ಮೇಲೆ ನಾನು ಯಾರನ್ನೂ ಮುಟ್ಟಿಲ್ಲ, ನನ್ನನ್ನೂ ಯಾರೂ ಮುಟ್ಟಿಲ್ಲ. ಬಸ್ಸಿನ ನೂಕುನುಗ್ಗಲನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೇ 4. ಶನಿವಾರ

ಮೂವತ್ತೇಳರಲ್ಲಿ ಏನೂ ಇಲ್ಲ. ಮೇಜಿನ ಮೇಲೂ ಏನೂ ಇಲ್ಲ. ಐಸ್ ಪೆಟ್ಟಿಗೆಯ ತಟ್ಟೆಯಲ್ಲಿ, ಹನ್ನೆರಡು ದಿನಕ್ಕೆ, ಬೆಂದ ಸಾಬಕ್ಕಿಯಂಥ ಏಳು ಚುಕ್ಕಿ!

ಒಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಬಾಗಿದ ಕಡ್ಡಿಗಳು. ಸರಸರ ಓಡಾಡುತ್ತಿದ್ದವು. ಒಂದು ನಿಮಿಷದಲ್ಲಿ ಎಲ್ಲವೂ ನಿಂತವು. ನನ್ನ ಹಾಗೆ ಸುಸ್ತಾಗಿರಬೇಕು. ಹೇಳಲು ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಶನಿವಾರ ಮಧ್ಯಾಹ್ನ, ಎಲ್ಲರೂ ಹೋಗಿದ್ದರು. ಎಂ-ಏಳು ಎಂದು ಚೀಟಿ ಅಂಟಿಸಿದೆ.

ಮೇ 6. ಸೋಮವಾರ

ಮೋಹನದಾಸರು ತಟ್ಟೆ ನೋಡಿ, "ಬಣ್ಣ ಇಲ್ಲ. ಅಕ್ರೊಮೊಬ್ಯಾಕ್ಟರ್ ಅಂತ ಬರೀರಿ" ಎಂದರು.

ಹಾಗೆಂದರೆ ಬಣ್ಣವಿಲ್ಲದ್ದು ಎಂದಷ್ಟೇ ಅರ್ಥ. ನಮ್ಮಲ್ಲಿ ಬ್ಯಾಕ್ಟೀರಿಯಾದ ವರ್ಗ ಗುರುತಿಸುವುದು ಹೀಗೆ: ದುಂಡಗೋ ಕಡ್ಡಿಯೋ, ಬಾಲ ಉಂಟೋ ಇಲ್ಲವೋ, ಹಳದಿಯೋ ಹಸಿರೋ, ಯಾವ ಸಕ್ಕರೆ ತಿನ್ನುತ್ತದೆ. ಒಂದೊಂದು ಪ್ರಶ್ನೆಗೂ ಒಂದೊಂದು ಕವಲು, ಕೊನೆಯಲ್ಲಿ ಹೆಸರು. ಯಾವ ಕವಲಿನಲ್ಲೂ ಸಲ್ಲದೆ ಉಳಿದ ಬಣ್ಣಗೇಡಿಗಳನ್ನೆಲ್ಲ ತುಂಬಿಸುವ ಡ್ರಾಯರು ಅಕ್ರೊಮೊಬ್ಯಾಕ್ಟರ್. ಎಷ್ಟು ಚಳಿ ಬೇಕು ಎಂದು ಯಾರೂ ಕೇಳುವುದಿಲ್ಲ.

"ಸರ್, ಇದು ಐಸಿನಲ್ಲಿ ಮಾತ್ರ ಬೆಳೀತದೆ. ಬೇರೆಯೇ ಇರಬೇಕು" ಎಂದೆ.

ಅವರು ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ತೋರಿಸಿ. ಸೆಪ್ಟೆಂಬರದಲ್ಲಿ ಮುಂಬಯಿಯ ಬ್ಯಾಕ್ಟೀರಿಯಾ ಸಂಗ್ರಹದ ಡಾಕ್ಟ್ರು ಬರ್ತಾರೆ. ಅಲ್ಲಿವರೆಗೆ ಗಾಜಿನ ಕೊಳವೆಯಿಂದ ಕೊಳವೆಗೆ ಮೂರು ಸಲ ದಾಟಿಸಿ ಜೀವಂತ ಇಡಿ. ಇಟ್ರೆ ಕಳಿಸುವ, ಹೆಸರು ಅವ್ರು ಹುಡುಕಲಿ. ಸತ್ರೆ ಡ್ರಾಯರಿಗೆ ಹಾಕಿ ಮುಗಿಸುವ. ಸತ್ತದ್ದಕ್ಕೆ ಹೆಸರು ಯಾರೂ ಇಡೂದಿಲ್ಲ ಮಿಸ್."

ಆಗಲಿ, ನೋಡುವ.

ಮೇ 12. ಭಾನುವಾರ

ಪೂಜೆ ಮುಗಿಸಿ ಬಂದ ಮೇಲೆ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರು ಇಗರ್ಜಿಯ ಕುಟುಂಬಗಳ ಪಟ್ಟಿ ಹಿಡಿದು ಬಂದರು. ಮನೆಯ ಯಜಮಾನರು? ಇಲ್ಲ. ಮಕ್ಕಳು? ಇಲ್ಲ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ಯೋಚಿಸಿದರು. "ಒಬ್ಬರಿಗೇ ಒಂದು ಹಾಳೆ ಎಂತಕ್ಕೆ ಬಾಯಿ? ಒಲಿಂಡಾಬಾಯಿಯ ಮನೆಯ ಹಾಳೆಯಲ್ಲೇ ಕೆಳಗೆ ಬರೀತೇನೆ" ಎಂದು ಬರೆದೇಬಿಟ್ಟರು. ಒಲಿಂಡಾ, ಬಹರೈನಿನಲ್ಲಿರುವ ಅವಳ ಗಂಡ, ಅತ್ತೆ, ಗೆರೆ, ಗೆರೆಯ ಕೆಳಗೆ ನಾನು.

ನನ್ನನ್ನೂ ಡ್ರಾಯರಿಗೆ ಹಾಕಿದರು. ಮೈಯೆಲ್ಲ ಉರಿಯಿತು. ಒಲಿಂಡಾ ಸಾನ್ನಾ ಕಳಿಸಿದ್ದಳು, ಹಸಿವಿಲ್ಲವೆಂದು ಹಾಗೇ ವಾಪಸು ಕಳಿಸಿದೆ. ಹಸಿವಿತ್ತು.

ಮೇ 22. ಬುಧವಾರ

ಕೊಳವೆಗೆ ದಾಟಿಸಿ ಹದಿನೈದು ದಿನವಾಯಿತು. ಏನೂ ಬೆಳೆದಿಲ್ಲ. ಸತ್ತಿದೆ.

ಜಗಲಿಯಲ್ಲಿ ಎಲ್ಲರೆದುರು ಲೋಕಯ್ಯನನ್ನು ಹಿಡಿದು ಬೈದೆ. "ನೀನು ಹತ್ತೂವರೆಗೆ ಬಂದರೆ ಪೆಟ್ಟಿಗೆ ತಣ್ಣಗಿರ್ತದಾ? ನಿನ್ನಿಂದ ನನ್ನ ಕೆಲಸ ಹಾಳು!" ಎಂದೆ. ಅವನು ಭುಜದ ಗೋಣಿಚೀಲ ತೆಗೆದು ಮಡಚಿದ. "ಬಾಯಮ್ಮ, ಪೆಟ್ಟಿಗೆ ನೋಡಿ. ನಿನ್ನೆಯ ಗಡ್ಡೆ ಇನ್ನೂ ಮುಷ್ಟಿಯಷ್ಟು ಉಳಿದುಂಟು. ಐಸ್ ಸುಳ್ಳು ಹೇಳೂದಿಲ್ಲ" ಎಂದ.

ನೋಡಿದೆ. ಉಳಿದಿತ್ತು. ಆದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ಜೂನ್ 3. ಸೋಮವಾರ

ಮೊನ್ನೆ ರಾತ್ರಿಯಿಂದ ಮಳೆ. ಎರಡನೇ ಸಲ ದಾಟಿಸಿದ್ದೂ ಸತ್ತಿದೆ. ಇನ್ನು ಮೊದಲಿನ ತಟ್ಟೆಯೊಂದೇ ಉಳಿದಿರುವುದು. ಅಂಚಿಗೆ ಮೇಣ ಹಚ್ಚಿ ಕಾಪಾಡುತ್ತಿದ್ದೇನೆ.

ಅದು ಸಾಲದು ಎಂಬಂತೆ ಲೋಕಯ್ಯ ಬಂದು, "ನಾಳೆಯಿಂದ ಮೆಷಿನ್ ಬಂದ್ ಬಾಯಮ್ಮ. ದೋಣಿ ಎಲ್ಲ ಮೇಲೆ ಎಳೆದಾಯ್ತು. ಮೀನಿಲ್ಲದ ಮೇಲೆ ಐಸ್ ಯಾರಿಗೆ? ಇನ್ನು ಆಗಸ್ಟ್ ಕೊನೆಗೇ" ಎಂದ.

ಇಷ್ಟು ವರ್ಷ ಮಳೆಗಾಲದಲ್ಲಿ ನಾವು ಉಪ್ಪುಮೀನಿನ ಕೆಲಸ ಮಾಡುತ್ತಿದ್ದೆವು, ಐಸು ಬೇಕಾಗುತ್ತಿರಲಿಲ್ಲ. ಹಾಗಾಗಿ ನನಗೆ ಈ ಯೋಚನೆಯೇ ಬಂದಿರಲಿಲ್ಲ. ನಾವಿರುವ ಉರ್ವದಲ್ಲಿ ಈ ಎಂ-ಏಳಿಗೆ ಬೇಕಾದ ಚಳಿ ಇರುವುದು ಒಂದೇ ಜಾಗದಲ್ಲಿ. ಮಾಳಿಗೆಯಲ್ಲಿ. ಒಲಿಂಡಾಳ ಗಂಡ ಕಳಿಸಿದ ಸೀಮೆಎಣ್ಣೆ ಫ್ರಿಜ್ಜಿನಲ್ಲಿ.

ಬೇರೆ ಯಾರ ಮನೆಯಲ್ಲಾದರೂ ಇದ್ದಿದ್ದರೆ!

ಜೂನ್ 4. ಮಂಗಳವಾರ

ಹೋದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು. ಕೈಯಲ್ಲಿ ಥರ್ಮಾಸ್, ಲೋಕಯ್ಯ ಕೊಟ್ಟ ಕೊನೆಯ ಐಸಿನಲ್ಲಿ ತಟ್ಟೆ.

ಒಲಿಂಡಾ ಪತ್ರೊಡೆಗೆ ಕೆಸುವಿನೆಲೆ ಸುರುಳಿ ಸುತ್ತುತ್ತಿದ್ದಳು. ಕಂಡವಳೇ, "ಓ ದೇವಾ! ಗೆರ್ಟಿಗೆ ದಾರಿ ಗೊತ್ತುಂಟಾ?" ಎಂದಳು. ಸಂಗತಿ ಹೇಳಿದೆ.

"ರೋಗದ್ದಾ ಮಾರಾಯ್ತಿ? ನಾವು ತಿನ್ನುವ ಮಾಂಸ, ಬೆಣ್ಣೆ ಎಲ್ಲ ಉಂಟು ಅದ್ರಲ್ಲಿ."

"ನಮಗೆ ಇದು ಎಂತ ಮಾಡೂದಿಲ್ಲ ಒಲಿಂಡಾ. ನಮ್ಮ ಮೈಯ ಬಿಸಿ ತಾಗಿದರೆ ಇದೇ ಸಾಯ್ತದೆ."

"ಹಾಗಾದ್ರೆ ಇಡು. ಆದ್ರೆ ದಿನಾ ನೋಡ್ಲಿಕ್ಕೆ ಬರಬೇಕಲ್ಲ, ಬಂದಾಗ ಊಟ ಮಾಡಿ ಹೋಗ್ಬೇಕು. ಅದಕ್ಕೆ ಒಪ್ಪಿಗೆಯಾದ್ರೆ ಮೇಲಿನ ತಟ್ಟು ನಿನ್ನದು. ಇಲ್ಲದಿದ್ರೆ ನಿನ್ನ ಕ್ರಿಮಿ ನಿನಗೆ, ನನ್ನ ಬೆಣ್ಣೆ ನನಗೆ."

ಒಪ್ಪಿದೆ. ಬ್ಯಾಕ್ಟೀರಿಯಾದ ಸಲುವಾಗಿ. ಪತ್ರೊಡೆಗೆ ಖಾರ ಹೆಚ್ಚಾಗಿತ್ತು. ಮೂರು ತುಂಡು ತಿಂದೆ.

ಜೂನ್ 26. ಬುಧವಾರ

ಒಲಿಂಡಾಳ ಫ್ರಿಜ್ ಐದು ಡಿಗ್ರಿಗಿಂತ ಕದಲಿಲ್ಲ, ದಿನಕ್ಕೆರಡು ಸಲ ಉಷ್ಣಮಾಪಕ ನೋಡಿದ್ದೇನೆ. ಆದರೂ ಮೂರನೇ ಸಲ ದಾಟಿಸಿದ್ದು ಸತ್ತಿತು.

ಈಗ ಬೈಯಲು ಯಾರೂ ಉಳಿದಿಲ್ಲ. ತಟ್ಟೆ ಅಂಚಿನಿಂದ ಒಣಗುತ್ತಿದೆ. ಏಳು ಚುಕ್ಕಿಯಲ್ಲಿ ಎರಡು ಉಳಿದಿವೆ. ಮೋಹನದಾಸರು ರಿಜಿಸ್ಟರು ತೆರೆದಿಟ್ಟು, "ಬರೆಯುವಾ ಮಿಸ್?" ಎಂದರು. ಇನ್ನೊಂದು ತಿಂಗಳು ಕೊಡಿ ಎಂದೆ. ನನ್ನ ಸ್ವರ ನನಗೇ ಭಿಕ್ಷೆಯಂತೆ ಕೇಳಿತು.

ಜೂನ್ 27

ಮಳೆ. ಯಾರ ಹತ್ತಿರವೂ ಮಾತಾಡಬೇಕು ಅನ್ನಿಸಲಿಲ್ಲ. ಊಟಕ್ಕೂ ಹೋಗಲಿಲ್ಲ. ಒಲಿಂಡಾಳೇ ಊಟದ ತಟ್ಟೆ ಮುಚ್ಚಿಕೊಂಡು ಇಳಿದು ಬಂದಳು. ಇಟ್ಟು ಹೋದಳು.

ಜುಲೈ 1. ಸೋಮವಾರ

ಲೋಕಯ್ಯನಿಗೆ ಮಳೆಗಾಲದಲ್ಲಿ ಕೆಲಸವಿಲ್ಲ. ಪ್ರಯೋಗಾಲಯದ ಮಾಡಿನ ಒಡೆದ ಹಂಚು ಬದಲಾಯಿಸಲು ಮೋಹನದಾಸರು ಕರೆಸಿದ್ದರು. ಇಳಿದು ಬಂದು ನನ್ನ ಬಾಗಿಲಲ್ಲಿ ನಿಂತ. ನಾನು ಖಾಲಿ ಕೊಳವೆಗಳಲ್ಲಿ ದಾಟಿಸುವ ಕೆಲಸವನ್ನು ಮೊದಲಿನಿಂದ ಮಾಡಿ ನೋಡುತ್ತಿದ್ದೆ, ಎಲ್ಲಿ ತಪ್ಪುತ್ತಿದೆ ಎಂದು. ಎಡಗೈಯಲ್ಲಿ ಎರಡು ಕೊಳವೆ, ಬಲಗೈಯಲ್ಲಿ ತಂತಿ, ದೀಪದಲ್ಲಿ ಕಾಯಿಸುವುದು, ಕೊಳವೆಯ ಹತ್ತಿ ತೆಗೆಯುವುದು, ಅದರ ಬಾಯಿ ಸುಡುವುದು, ಅದ್ದುವುದು.

ಅವನು ತುಂಬ ಹೊತ್ತು ನೋಡಿದ.

"ಒಂದು ಕೇಳ್ಬಹುದಾ ಬಾಯಮ್ಮ? ಅದು ಐಸಿನಲ್ಲಿರುವ ಜೀವ ಅಲ್ವಾ?"

"ಹೌದು. ಅದಕ್ಕೆ ಎಂತ ಈಗ?"

"ಅದನ್ನು ನೀವು ಮುಷ್ಟಿಯಲ್ಲಿ ಹಿಡ್ಕೊಳ್ತೀರಲ್ಲ. ನಾವು ಐಸಿನ ಮೀನು ಮುಟ್ಟುವ ಮೊದಲು ಕೈಯನ್ನು ಐಸಿನಲ್ಲಿ ಹಾಕಿ ಸಾಯಿಸ್ತೇವೆ. ಬಿಸಿ ಕೈಯಲ್ಲಿ ಹಿಡಿದ ಮೀನು ಹಿಡಿದ ಜಾಗದಲ್ಲೇ ಮೊದಲು ಕೊಳೀತದೆ, ಬೆರಳಿನ ಗುರುತು ಬೀಳ್ತದೆ. ಹೊಸಬರಿಗೆ ಮೊದಲ ಪಾಠ ಅದೇ ನಮ್ಮಲ್ಲಿ."

ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳಿಗೆ ಐಸಿನವನು ಪಾಠ ಹೇಳುವುದೇ? "ನಿನ್ನ ಹಂಚು ನೋಡಿಕೋ, ಹೋಗು" ಎಂದೆ.

ಜುಲೈ 2. ಮಂಗಳವಾರ

ಕೊಳವೆಯಲ್ಲಿ ತಣ್ಣೀರು ತುಂಬಿ, ಉಷ್ಣಮಾಪಕ ಇಳಿಸಿ, ಯಾವಾಗಲೂ ಹಿಡಿಯುವ ಹಾಗೆ ಹಿಡಿದುಕೊಂಡೆ. ಐದು. ಹನ್ನೊಂದು. ಹತ್ತೊಂಬತ್ತು. ಮೂರನೇ ನಿಮಿಷಕ್ಕೆ ಇಪ್ಪತ್ತಾರು. ಶೆಲ್ಫಿನಲ್ಲಿದ್ದ ಹೊಸ ಕೊಳವೆಗಳು ಮೊದಲೇ ಇಪ್ಪತ್ತೆಂಟು ಡಿಗ್ರಿ. ಎಂ-ಏಳನ್ನು ತಣ್ಣಗಿನ ತಟ್ಟೆಯಿಂದ ತೆಗೆದು ಬಿಸಿ ಕೊಳವೆಗೆ ಹಾಕಿ, ನನ್ನ ಮುಷ್ಟಿಯಲ್ಲಿ ಬೇಯಿಸಿ, ಆಮೇಲೆ ಜೋಪಾನವಾಗಿ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಹೆಣವನ್ನು.

ಮೊದಲ ತಟ್ಟೆ ಬದುಕಿದ್ದು ಮೇಜಿನಲ್ಲಿ ಜಾಗವಿಲ್ಲದೆ ಅದು ಮೊದಲೇ ತಣ್ಣಗಾಗಿದ್ದರಿಂದ. ತಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ, ಕೊಳವೆಯನ್ನು ಹಿಡಿಯುತ್ತೇವೆ. ಲೋಕಯ್ಯನೂ ಅಲ್ಲ, ಮಳೆಯೂ ಅಲ್ಲ, ಫ್ರಿಜ್ಜೂ ಅಲ್ಲ. ಮೂರು ಸಲವೂ ಕೊಂದದ್ದು ನಾನೇ.

ನಮ್ಮ ಮೈಯ ಬಿಸಿ ತಾಗಿದರೆ ಸಾಯುತ್ತದೆ ಎಂದು ಒಲಿಂಡಾಗೆ ನಾನೇ ಹೇಳಿದ್ದೆ. ಹೇಳುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಮನೆಗೆ ಬಂದು ನನ್ನ ಕೈಯನ್ನೇ ನೋಡುತ್ತ ಕೂತೆ. ಚಿಕ್ಕಂದಿನಿಂದ ಅಮ್ಮ ಹೇಳುತ್ತಿದ್ದಳು, ನಮ್ಮ ಗೆರ್ಟಿಯ ಕೈ ಯಾವಾಗಲೂ ಬಿಸಿ ಎಂದು. ಕೊನೆಯ ದಿನ ಅವಳಿಗೆ ಜ್ವರ ಇಳಿದು ಚಳಿ ಹತ್ತಿತ್ತು. ಮೂರು ಕಂಬಳಿ ಹೊದೆಸಿದರೂ ನಿಲ್ಲಲಿಲ್ಲ. ನನ್ನ ಕೈಯನ್ನು ತಾನೇ ಹಣೆಯ ಮೇಲೆ ಇಟ್ಟುಕೊಂಡು, "ತೆಗೆಯಬೇಡ, ಸ್ವಲ್ಪ ಹೊತ್ತು ಇರಲಿ" ಎಂದಳು. ಬೆಳಿಗ್ಗೆಯಿಂದ ಇಟ್ಟಿದ್ದೆ. ಮೂರು ಗಂಟೆಗೆ ಇಂಜೆಕ್ಷನ್ನಿಗೆ ನೀರು ಕಾಯಿಸಲು ಎದ್ದು ಹೋದೆ. ತಿರುಗಿ ಬಂದಾಗ ಹೋಗಿದ್ದಳು. ಯಾಕೆ ತೆಗೆದೆ? ಐದು ನಿಮಿಷ ಕಳೆದು ಕಾಯಿಸಿದರೆ ಆಗುತ್ತಿರಲಿಲ್ಲವೇ?

ಇಷ್ಟು ತಿಂಗಳು ಬಾರದ ಅಳು ಇವತ್ತು ಬಂತು. ಮನೆಯ ಹಂಚು ಹಾರುವಷ್ಟು ಅತ್ತೆ. ಮಳೆಯ ಸದ್ದಿಗೆ ಮಾಳಿಗೆಗೆ ಕೇಳಿರಲಾರದು.

ಜುಲೈ 3

ಕೇಳಿತ್ತು. ಬೆಳಿಗ್ಗೆ ಒಲಿಂಡಾ ಕಾಫಿ ತಂದಳು. ಈ ಸಲ ಬಾಗಿಲು ತಟ್ಟಿ ಬಂದಳು.

ಜುಲೈ 7. ಭಾನುವಾರ

ನಾಲ್ಕು ದಿನದಿಂದ ಒಂದು ಉಪಾಯ ಮಾಡುತ್ತಿದ್ದೇನೆ. ಕೊಳವೆ, ತಂತಿ, ಎಲ್ಲವನ್ನೂ ಹಿಂದಿನ ದಿನವೇ ಫ್ರಿಜ್ಜಿನಲ್ಲಿ ಇಟ್ಟೆ. ಉಳಿದದ್ದು ನನ್ನ ಕೈ. ಐಸಿನ ನೀರಿನಲ್ಲಿ ಅದ್ದಿ ತೆಗೆದರೆ ಎರಡೇ ನಿಮಿಷಕ್ಕೆ ಮತ್ತೆ ಬಿಸಿ. ಏನು ಜಾತಿಯ ಕೈಯೋ! ಇಕ್ಕಳದಲ್ಲಿ ಹಿಡಿದರೆ ಜಾರುತ್ತದೆ.

ಕೊನೆಗೆ ಲೋಕಯ್ಯನ ಊರಾದ ಕೂಳೂರಿಗೆ ಹೋಗುವ ಬಸ್ಸಿನವನ ಹತ್ತಿರ ಅವರಿಗೆ ಹೇಳಿ ಕಳಿಸಿದೆ. ಅಂದು ಹಾಗೆ ಗದರಿಸಿ ಕಳಿಸಿದವಳು, ಬರುತ್ತಾರೋ ಇಲ್ಲವೋ ಎಂದಿದ್ದೆ. ಮಧ್ಯಾಹ್ನ ಎರಡಕ್ಕೆ ಕೊಡೆಯಿಂದ ನೀರು ಸುರಿಸುತ್ತ ಬಂದರು.

"ನೀವು ಹೇಳಿದ್ದೇ ಸರಿ. ನನ್ನ ಕೈಯೇ ಕೊಂದದ್ದು" ಎಂದೆ.

"ಕೈಯದ್ದೆಂತ ತಪ್ಪು ಬಾಯಮ್ಮ? ಬಿಸಿ ಇರೂದು ಅದರ ಗುಣ. ನನ್ನದು ನೋಡಿ, ನಲವತ್ತು ವರ್ಷ ಐಸಿನಲ್ಲಿ ಬಿದ್ದು ಇದಕ್ಕೆ ಬಿಸಿಯೇ ಮರೆತುಹೋಗಿದೆ."

ಒಲಿಂಡಾಳ ಅಡುಗೆಮನೆಯಲ್ಲಿ ಕೆಲಸ. ಟ್ರೇಯ ಐಸನ್ನೆಲ್ಲ ಬೋಗುಣಿಗೆ ಸುರಿದೆವು. ಲೋಕಯ್ಯ ಎರಡೂ ಕೈ ಅದರಲ್ಲಿ ಮುಳುಗಿಸಿ, ಹತ್ತು ನಿಮಿಷ ಮಳೆಯ ಸುದ್ದಿ ಮಾತಾಡುತ್ತ ನಿಂತರು. ನಾನಾಗಿದ್ದರೆ ಅರ್ಧ ನಿಮಿಷಕ್ಕೆ ಕಿರುಚುತ್ತಿದ್ದೆ. ಆಮೇಲೆ ಕೊಳವೆ ಹಿಡಿದರು. ಫ್ರಿಜ್ಜಿನ ತೆರೆದ ಬಾಗಿಲೆದುರು ನಾನು ಮೊಣಕಾಲೂರಿ, ಉಳಿದ ಎರಡು ಚುಕ್ಕಿಯಲ್ಲಿ ಒಂದನ್ನು ತಣ್ಣಗಿನ ತಂತಿಯಲ್ಲಿ ಎತ್ತಿ ಅವರ ಕೈಯ ಕೊಳವೆಗೆ ಇಳಿಸಿದೆ. ಆ ಕೈ ಒಂದು ಕೂದಲಿನಷ್ಟೂ ಅಲುಗಲಿಲ್ಲ.

"ಬಾಗಿಲು ಹಾಕಿ ಮಾರಾಯ್ರೆ, ನನ್ನ ಬೆಣ್ಣೆ ಕರಗ್ತದೆ!" ಎಂದು ಒಲಿಂಡಾ ಹಿಂದಿನಿಂದ ಒಂದೇ ಸಮನೆ ಬೊಬ್ಬೆ.

ನಗು ಬಂತು. ಬಹಳ ದಿನವಾಗಿತ್ತು.

ಜುಲೈ 19. ಶುಕ್ರವಾರ

ಬೆಳೆದಿದೆ!! ಕೊಳವೆಯ ಉದ್ದಕ್ಕೂ, ಗಂಜಿಯ ತಿಳಿ ಒಣಗಿದ ಹಾಗೆ, ತೆಳ್ಳಗೆ ಬಿಳಿ ಗೆರೆ. ಮೆಟ್ಟಿಲಲ್ಲೇ ನಿಂತು ಕೂಗಿದೆ. ಒಲಿಂಡಾ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅವಳ ಅತ್ತೆಗೆ ಕಿವಿ ಕೇಳುವುದಿಲ್ಲ, ಯಾರಿಗೆ ಮಗುವಾಯಿತು ಎಂದು ಕೇಳಿದರು.

ಆಗಸ್ಟ್ 4. ಭಾನುವಾರ

ಎರಡನೇ ಸಲವೂ ದಾಟಿತು. ಲೋಕಯ್ಯ ಬಂದಿದ್ದರು. ಈಗ ಯಾವ ಕೊಳವೆ ಮೊದಲು ಎಂದು ಅವರಿಗೇ ಗೊತ್ತು.

ಪರೀಕ್ಷೆಗಳನ್ನೂ ಶುರು ಮಾಡಿದ್ದೇನೆ. ಮೇಲಿನ ತಟ್ಟಿನಲ್ಲಿ, ಐದು ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಕೆಳಗೆ ತರಕಾರಿ ಡಬ್ಬದಲ್ಲಿ, ಹನ್ನೆರಡರಲ್ಲಿ, ಅಳುತ್ತ ಬೆಳೆಯುತ್ತದೆ. ಒಂದು ಕೊಳವೆಯನ್ನು ಬಾಟಲಿಯಲ್ಲಿಟ್ಟು ಬಾವಿಗೆ ಇಳಿಸಿದೆ. ನಮಗೆ ಹಲ್ಲು ಜುಮ್ಮೆನಿಸುವ ಬಾವಿ ನೀರು ಇಪ್ಪತ್ತೈದು. ಒಂದು ಗಂಟೆಯಲ್ಲಿ ಸತ್ತಿತು.

ಮುಖ್ಯವಾದದ್ದು ಸಕ್ಕರೆಯ ಪರೀಕ್ಷೆ. ಹಸಿರು ಬಣ್ಣ ಬೆರೆಸಿದ ಸಕ್ಕರೆ ನೀರಿನ ಎರಡು ಕೊಳವೆ, ಒಂದರ ಮೇಲೆ ಗಾಳಿ ಹೋಗದ ಹಾಗೆ ಎಣ್ಣೆ. ಗಾಳಿಯಿಲ್ಲದೆಯೂ ಸಕ್ಕರೆ ಹುಳಿ ಮಾಡಿದರೆ ಎಣ್ಣೆಯ ಕೆಳಗೂ ಹಳದಿಯಾಗಬೇಕು. ಡ್ರಾಯರಿನ ಅಕ್ರೊಮೊಬ್ಯಾಕ್ಟರಿಗೆ ಅದು ಆಗದು. ಈ ಚಳಿಯಲ್ಲಿ ಮೂರು ವಾರ ಕಾಯಬೇಕು.

ಅಮ್ಮನ ಕೋಣೆ ತೆರೆದು ಗಾಳಿಯಾಡಿಸಿದೆ. ಕೊಳವೆಯ ಸ್ಟ್ಯಾಂಡು ಇಡಲು ಜಾಗ ಬೇಕಿತ್ತು.

ಆಗಸ್ಟ್ 18. ಭಾನುವಾರ

ಮೂರನೇ ಸಲ ದಾಟಿಸಿದೆವು. ಲೋಕಯ್ಯ ಹೋದ ಮೇಲೆ ಒಲಿಂಡಾ ತಟ್ಟೆ ತೊಳೆಯುತ್ತ, "ಅಲ್ಲ ಗೆರ್ಟಿ, ಐಸಿನ ಲೋಕಯ್ಯನಿಗೆ ನೀನು ತುಳುವಿನಲ್ಲಿ 'ಈರ್' ಅಂತ ಹೇಳ್ತೀಯಲ್ಲ, ಮೊದಲು 'ಈ' ಅಂತ ಬೈತಿದ್ದಿ" ಎಂದಳು.

ನೀನು ಹೋಗಿ ನೀವು ಎಂದೆನೇ? ಇರಲಾರದು. ನನಗೆ ನೆನಪಿಲ್ಲ. ಇವಳಿಗೆ ಎಲ್ಲದರಲ್ಲೂ ಕಥೆ ಕಾಣುತ್ತದೆ.

ಆಗಸ್ಟ್ 26

ಎಣ್ಣೆಯ ಕೆಳಗೂ ಹಳದಿ. ಶುದ್ಧ ಅರಸಿನದ ಹಾಗೆ.

ಸೆಪ್ಟೆಂಬರ್ 8. ಭಾನುವಾರ

ಮೊಂತಿ ಹಬ್ಬ, ಹೊಸ ತೆನೆಯ ದಿನ. ಒಲಿಂಡಾ ಹೊಸ ಭತ್ತದ ಅಕ್ಕಿಕಾಳು ಹಾಕಿದ ಪಾಯಸ ಹಂಚಿದಳು. ಅದನ್ನು ಮನೆಯವರಿಗೆ ಮಾತ್ರ ಕೊಡುವುದು. ಬಹರೈನಿನವನ ಪಾಲು ಎತ್ತಿಟ್ಟಳು, ಅತ್ತೆಗೆ ಕೊಟ್ಟಳು, ನನಗೆ ಕೊಟ್ಟಳು. ಕುಡಿದೆ. ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು. ಗುರ್ಕಾರರು ಬಂದು, ಇಗರ್ಜಿಯಲ್ಲಿ ಹೊಸ ಪಟ್ಟಿ ಮಾಡುತ್ತಿದ್ದಾರೆ, ಬೇಕಾದರೆ ನಿಮಗೆ ಬೇರೆ ಹಾಳೆ ಕೊಡಿಸುತ್ತೇನೆ ಎಂದರು. ಸುಮ್ಮನೆ ಕಾಗದ ಯಾಕೆ ದಂಡ, ಇದ್ದಲ್ಲೇ ಇರಲಿ ಎಂದೆ.

ಸೆಪ್ಟೆಂಬರ್ 12. ಗುರುವಾರ

ಮುಂಬಯಿಯ ಡಾಕ್ಟರರು ಬಂದರು. ಐಸ್ ಪ್ಲಾಂಟ್ ಶುರುವಾಗಿದೆ, ಬೆಳಿಗ್ಗೆ ಎಂಟಕ್ಕೇ ಲೋಕಯ್ಯ ನಾಲ್ಕು ಗಡ್ಡೆ ತಂದು ಇಳಿಸಿದ್ದರು. ಮೂರನೇ ದಾಟಿನ ಎರಡು ಕೊಳವೆ ಐಸಿನಲ್ಲಿ ಇಟ್ಟಿದ್ದೆ.

ಡಾಕ್ಟರರು ಒಳಗೆ ಬರುವಷ್ಟರಲ್ಲಿ ಮೋಹನದಾಸರು ಒಂದು ಕೊಳವೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು, "ನೋಡಿ ಡಾಕ್ಟ್ರೇ, ನಮ್ಮ ಸಣ್ಣ ಪ್ರಯೋಗಾಲಯದಲ್ಲಿ..." ಎಂದು ಭಾಷಣ ಶುರು ಮಾಡಿದರು. ಅರ್ಧ ನಿಮಿಷ. ಒಂದು ನಿಮಿಷ.

"ಕೈ ಬಿಡಿ ಸರ್!"

ಕಿರುಚಿದ್ದು ನಾನೇ. ಅವರ ಬೆರಳು ಬಿಡಿಸಿ ಕೊಳವೆ ಕಿತ್ತುಕೊಂಡು ಐಸಿಗೆ ಊರಿದೆ. ನನ್ನ ಕೆಲಸ ಹೋಯಿತು ಎಂದುಕೊಂಡೆ.

ಡಾಕ್ಟರರು ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಯಾಕೆ ಎಂದು ಕೇಳಿದರು. ಹೇಳಿದೆ. ಎಡಗೈ, ಮೂರು ನಿಮಿಷ, ಇಪ್ಪತ್ತಾರು ಡಿಗ್ರಿ, ಬಾವಿ, ಎಣ್ಣೆ, ಹಳದಿ. ಅವರು ಹಳದಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ನಾನು ಬಣ್ಣ ಹಾಕಿಟ್ಟಿದ್ದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಬಾಗಿದ ಕಡ್ಡಿ, ಒಂದೇ ಬಾಲ, ಗಾಳಿಯಿಲ್ಲದೆ ಸಕ್ಕರೆ ತಿನ್ನುತ್ತದೆ. ಇದು ಅಕ್ರೊಮೊಬ್ಯಾಕ್ಟರ್ ಅಲ್ಲವೇ ಅಲ್ಲ. ವಿಬ್ರಿಯೊ ಬಳಗದ್ದು. ಯಾವ ಪ್ರಭೇದವೋ ನನಗೂ ಗೊತ್ತಿಲ್ಲ. ಗೊತ್ತಾಗುವವರೆಗೆ ನಮ್ಮಲ್ಲಿ ಇದಕ್ಕೊಂದು ಸಂಖ್ಯೆ ಇರುತ್ತದೆ, ಚಳಿಯ ಜಾಗ ಇರುತ್ತದೆ" ಎಂದರು.

ಮೋಹನದಾಸರು ತಮ್ಮ ಅಂಗೈ ನೋಡಿಕೊಂಡರು. "ನಾನೂ ಕೊಲ್ತಿದ್ದೆನಾ ಮಿಸ್?"

"ಇನ್ನೊಂದು ನಿಮಿಷ ಆಗಿದ್ದರೆ, ಹೌದು ಸರ್."

ಅವರು ನಕ್ಕುಬಿಟ್ಟರು. ತಾವೇ ರಿಜಿಸ್ಟರು ತೆರೆದು ವಿಬ್ರಿಯೊ ಎಂದು ಬರೆದರು.

ಫಾರಮು ತುಂಬಿದೆ. ಬೇರ್ಪಡಿಸಿದವರು: ಗೆರ್ಟ್ರೂಡ್ ಲೋಬೊ. ನೆರವಾದವರು: ಲೋಕಯ್ಯ, ಐಸ್ ಪ್ಲಾಂಟ್, ಬಂದರು; ಒಲಿಂಡಾ, ಉರ್ವ. "ಐಸಿನವನ ಹೆಸರು ಎಂತಕ್ಕೆ?" ಎಂದು ಮೋಹನದಾಸರು ಕೇಳಿದರು. ಅವರ ಕೈ ಇಲ್ಲದಿದ್ದರೆ ಇದು ಇರುತ್ತಿರಲಿಲ್ಲ ಎಂದೆ. ಕೊನೆಯ ಸಾಲು, ನಿರ್ವಹಣೆಯ ಸೂಚನೆ. ಬರೆದೆ: ಕೈಯಲ್ಲಿ ಹಿಡಿಯಬಾರದು.

ಸೆಪ್ಟೆಂಬರ್ 15. ಭಾನುವಾರ

ಸುದ್ದಿ ಹೇಳಲು ಕೂಳೂರಿಗೆ ಹೋಗಿದ್ದೆ. ಸೇತುವೆಯ ಹತ್ತಿರ ಬಸ್ಸಿಳಿದು ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ. ಲೋಕಯ್ಯನವರ ಹೆಂಡತಿ, ಹೆಸರು ಮುದ್ದು, ಚಾಪೆ ಹಾಸಿ, ಬೆಲ್ಲದ ಕಾಫಿ ತಂದರು. ಫಾರಮಿನಲ್ಲಿ ಹೆಸರು ಬರೆದದ್ದು ಹೇಳಿದೆ. ಲೋಕಯ್ಯನವರಿಗೆ ನಂಬಿಕೆಯಾಗಲಿಲ್ಲ.

"ನನ್ನ ಹೆಸರು ಮುಂಬಯಿಗೆ ಹೋಯ್ತಾ? ನಾನೇ ಹೋಗ್ಲಿಲ್ಲ ಮಾರಾಯ್ರೆ!"

ನನ್ನ ಲೋಟ ಹಿಡಿಯಲಾಗದಷ್ಟು ಸುಡುತ್ತಿತ್ತು, ಸೆರಗಿನಲ್ಲಿ ಹಿಡಿದೆ. ಅವರು ತಮ್ಮ ಲೋಟವನ್ನು ಬರಿಗೈಯಲ್ಲಿ ಸುತ್ತಿ ಹಿಡಿದು ಮಾತಾಡುತ್ತಲೇ ಇದ್ದರು. ಬೆರಳು ಕೆಂಪಾದವು. ಗಂಡನ ಕೈಯಿಂದ ಲೋಟ ಕಿತ್ತು ಮುದ್ದು ನೆಲದಲ್ಲಿಟ್ಟರು. "ನೋಡಿ ಬಾಯಮ್ಮ, ಇದೇ ಅವಸ್ಥೆ. ಮೊನ್ನೆ ಒಲೆಯ ಕೆಂಡ ಮುಟ್ಟಿದ್ದಾರೆ, ಸುಟ್ಟದ್ದು ವಾಸನೆ ಬಂದ ಮೇಲೆ ಗೊತ್ತಾದದ್ದು. ಅಂಗಿಯ ಬಟನ್ ನಾನು ಹಾಕ್ಬೇಕು. ಮೊಮ್ಮಗಳ ಕೆನ್ನೆ ಮುಟ್ಟಿದ್ರೂ ಗೊತ್ತಾಗೂದಿಲ್ಲ ಅಂತಾರೆ."

ಲೋಕಯ್ಯ ನಕ್ಕು ಕೈ ಹಿಂದೆ ಎಳೆದುಕೊಂಡರು.

ಆ ಬೋಗುಣಿಯ ಐಸಿನಲ್ಲಿ, ಮೂರು ಭಾನುವಾರ, ಹತ್ತು ಹತ್ತು ನಿಮಿಷ. ಅಲುಗದ ಕೈ ಎಂದು ನಾನು ಖುಷಿಪಟ್ಟಿದ್ದೆ. ಯಾಕೆ ಅಲುಗುವುದಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಕೊಡಿ ಇಲ್ಲಿ" ಎಂದೆ. ಗಂಡನ ಕೈಗಳನ್ನು ಹಿಡಿದು ಮುದ್ದು ನನ್ನ ಮುಂದೆ ಚಾಚಿದರು. ಮರದ ಹಾಗೆ ಗಟ್ಟಿ, ತಣ್ಣಗೆ. ಎರಡನ್ನೂ ನನ್ನ ಕೈಗಳೊಳಗೆ ಇಟ್ಟುಕೊಂಡೆ. ಮುದ್ದು ಎಣ್ಣೆ ತರಲು ಒಳಗೆ ಹೋಗಿ ಬಂದರು. ಸೇತುವೆಯ ಮೇಲೆ ಬಸ್ಸುಗಳು ಹೋದವು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ, ಹಾಗಾಗಿ ಇಲ್ಲಿ ಬರೆಯಲು ಅಂಕಿಯಿಲ್ಲ.

ಆಮೇಲೆ ಲೋಕಯ್ಯ ತಲೆ ಎತ್ತಿದರು. "ಬಾಯಮ್ಮ, ಗೊತ್ತಾಗ್ತಾ ಉಂಟು. ಬಿಸಿ ಉಂಟು."

ಮುದ್ದುವಿನ ಕಣ್ಣಲ್ಲಿ ನೀರು ಬಂತು. ಎಣ್ಣೆ ಹಚ್ಚಲಿ ಎಂದು ನಾನು ಕೈ ಬಿಡಿಸಿಕೊಳ್ಳಲು ಹೋದೆ.

"ತೆಗೀಬೇಡಿ" ಎಂದರು ಲೋಕಯ್ಯ, "ಸ್ವಲ್ಪ ಹೊತ್ತು ಇರಲಿ."

ತೆಗೆಯಲಿಲ್ಲ. ಕೊನೆಯ ಬಸ್ಸಿಗೆ ಮನೆಗೆ ಬಂದೆ.